ಮೂರೂವರೆ ಬಸ್ಸಿಗೆ ಒಂದು ಸಂಶೋಧನಾ ಪ್ರಬಂಧ

ನಮ್ಮ ಬ್ಯಾಚಿನವರಲ್ಲಿ ಈಗ ನಾಲ್ವರು ಪಿಎಚ್.ಡಿ. ಮಾಡುತ್ತಿದ್ದಾರೆ. ಇನ್ನಿಬ್ಬರು ಅತಿಥಿ ಉಪನ್ಯಾಸಕರು. ಒಂದೆರಡು ಪ್ರಬಂಧ ಪ್ರಕಟವಾದರೆ ಮುಂದಿನ ಸಂದರ್ಶನಕ್ಕೆ ಅನುಕೂಲವಾದೀತೆಂದು ಕಾದಿದ್ದಾರೆ. ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಸುದ್ದಿಮನೆಯ ಕುರ್ಚಿ ಸವೆಸಿದವರು. ಗಂಟೆಗೆ ಮೂರು ಸುದ್ದಿ ಬರೆದು ಬಿಸಾಕಿದ ಕೈಗಳು. ಆದರೆ ಫೋನಿನಲ್ಲಿ ಸಿಕ್ಕಾಗ ‘ಪೇಪರ್ ಎಲ್ಲಿಗೆ ಬಂತು?’ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ರೆಫರೆನ್ಸ್ ಕಲೆಕ್ಟ್ ಮಾಡ್ತಾ ಇದೀನಿ.’

ಈ ವಾಕ್ಯದ ಅರ್ಥ ನನಗೆ ಚೆನ್ನಾಗಿ ಗೊತ್ತು. ಏಳು ತಿಂಗಳು ನಾನೂ ಅದನ್ನೇ ಹೇಳಿದ್ದೇನೆ. ಡಿಪ್ಲೊಮಾ ಮುಗಿಸಿ ಹತ್ತು ವರ್ಷ ಸುದ್ದಿ ಬರೆದ ಮೇಲೆ, ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿ, ಆ ಹುಮ್ಮಸ್ಸಿನಲ್ಲಿ ಒಂದು ವಿಚಾರ ಸಂಕಿರಣಕ್ಕೆ ಪ್ರಬಂಧದ ಸಾರಾಂಶ ಕಳಿಸಿದ್ದೆ. ಇನ್ನೂರೈವತ್ತು ಪದ. ಜಿಲ್ಲಾ ಪಂಚಾಯಿತಿ ಸಭೆ ತಡವಾಗಿ ಶುರುವಾದ ಒಂದು ಮಧ್ಯಾಹ್ನ, ಸಭಾಂಗಣದ ಹೊರಗಿನ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲೇ ಬರೆದು ಕಳಿಸಿದ್ದು. ವಾರದಲ್ಲಿ ಒಪ್ಪಿಗೆ ಬಂತು. ಸಂಕಿರಣದಲ್ಲಿ ಹತ್ತು ನಿಮಿಷ ಮಾತಾಡಿದ್ದೂ ಆಯಿತು. ಉಳಿದದ್ದು ಪೂರ್ಣ ಪ್ರಬಂಧ. ನಾಲ್ಕು ಸಾವಿರ ಪದ, ಆರು ತಿಂಗಳ ಗಡುವು. ಅಷ್ಟೇ ತಾನೆ ಅನಿಸಿತ್ತು.

ಲೆಕ್ಕ ಹಾಕಿ ನೋಡಿ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಬೆಳಿಗ್ಗೆ ಲಾರಿ ಮಗುಚಿದರೆ ಅರ್ಧ ಗಂಟೆಯಲ್ಲಿ ವೆಬ್‌ಸೈಟಿಗೆ ಸುದ್ದಿ ಹೋಗಿರುತ್ತದೆ, ಸಂಜೆಯೊಳಗೆ ಪುಟಕ್ಕೆ ಬೇರೆಯದೇ ಆವೃತ್ತಿ. ನಡುವೆ ಬ್ಯಾಡಗಿ ಮೆಣಸಿನಕಾಯಿ ದರ, ಸಚಿವರ ಪ್ರವಾಸ, ಯಾವುದೋ ಶಾಲೆಯ ಸೋರುವ ಮಾಡು. ದಿನಕ್ಕೆ ಸಾವಿರ ಪದ ಹೆಚ್ಚೇನಲ್ಲ. ಆ ಲೆಕ್ಕದಲ್ಲಿ ನಾಲ್ಕು ಸಾವಿರ ಪದವೆಂದರೆ ನಾಲ್ಕು ದಿನದ ಕೆಲಸ. ಅದೇ ಕೈ, ಅದೇ ಲ್ಯಾಪ್‌ಟಾಪು, ಅದೇ ನುಡಿ ಕೀಲಿಮಣೆ.

ನಾನು ಚಿಕ್ಕವನಿದ್ದಾಗ ನಮ್ಮೂರಿನ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ ಎಂಬ ನಂಬಿಕೆ. ಓದು ಬರಹ ಬರುವ, ಆದರೆ ಲೆಕ್ಕ ಬಾರದ ದೆವ್ವ. ಆ ಏಳು ತಿಂಗಳು ನನ್ನ ಪ್ರಬಂಧ ಹಾಗೆಯೇ ದಿನಾ ರಾತ್ರಿ ಬಂದು ಬಾಗಿಲು ನೋಡಿಕೊಂಡು ಹೋಗುತ್ತಿತ್ತು.

ಇದಕ್ಕೆ ಸೋಮಾರಿತನ ಎಂಬ ಹೆಸರು ಸಲೀಸಾಗಿ ಸಿಗುತ್ತದೆ, ಆದರೆ ಅದು ಹೊಂದುವುದಿಲ್ಲ. ಆ ತಿಂಗಳುಗಳಲ್ಲಿ ನಾನು ಎಂದಿಗಿಂತ ಹೆಚ್ಚು ದುಡಿದಿದ್ದೇನೆ. ಹತ್ತು ವರ್ಷದ ಪತ್ರಿಕಾ ತುಣುಕುಗಳನ್ನು ತಾಲ್ಲೂಕುವಾರು ಫೈಲ್ ಮಾಡಿದೆ. ಬೈಕಿನ ವಿಮೆ ಕಟ್ಟಿದೆ. ಪಡಿತರ ಚೀಟಿಯಲ್ಲಿ ಮಗಳ ಹೆಸರು ಸೇರಿಸಿದೆ; ಎರಡು ವರ್ಷದಿಂದ ಬಾಕಿಯಿದ್ದ ಕೆಲಸ. ಹೆಂಡತಿ ಅಂದಳು, ‘ನಿಮ್ಮ ಪ್ರಬಂಧ ಮುಗೀದೇ ಇದ್ರೆ ನಮ್ಮ ಮನಿ ಉದ್ಧಾರ ಆಗ್ತದ ನೋಡ್ರಿ.’

ಈ ವಿಷಯವಾಗಿ ಓದಲು ಹೋದರೆ ಅದೂ ಒಂದು ಮುಂದೂಡಿಕೆಯೇ. ಆದರೂ ಓದಿದ್ದರಲ್ಲಿ ಒಂದು ಮಾತು ಹಿಡಿಸಿತು. ಫ್ಯೂಶಾ ಸಿರೋಯ್ ಮತ್ತು ಟಿಮತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರ ತಮ್ಮ ಲೇಖನದಲ್ಲಿ, ಮುಂದೂಡಿಕೆ ಎನ್ನುವುದು ಸಮಯ ಹೊಂದಿಸಲು ಬಾರದವರ ತೊಂದರೆ ಎನ್ನುವುದಕ್ಕಿಂತ ಆ ಕ್ಷಣದ ಕಿರಿಕಿರಿಯಿಂದ ಪಾರಾಗುವ ದಾರಿ ಎಂದು ವಾದಿಸುತ್ತಾರೆ. ಕೆಲಸ ನೆನೆದರೆ ಮನಸ್ಸಿಗೆ ಇರಿಸುಮುರಿಸು, ಅದನ್ನು ಬದಿಗಿಟ್ಟರೆ ತಕ್ಷಣ ಹಗುರ. ಆ ಹಗುರಕ್ಕಾಗಿಯೇ ಬದಿಗಿಡುತ್ತೇವೆ, ಬೆಲೆಯನ್ನು ನಾಳೆಯ ನಾವು ಕೊಡುತ್ತೇವೆ. ನನಗೆ ಒಪ್ಪಿಗೆಯಾಯಿತು. ಆದರೆ ಮುಂದಿನ ಪ್ರಶ್ನೆ ಹಾಗೇ ಉಳಿಯಿತು. ಲಾರಿ ಅಪಘಾತದ ಸುದ್ದಿ ಬರೆಯುವಾಗ ಇಲ್ಲದ ಇರಿಸುಮುರಿಸು ಪ್ರಬಂಧ ಬರೆಯುವಾಗ ಎಲ್ಲಿಂದ ಬರುತ್ತದೆ?

ಒಂದು ಕಾರಣ, ಯಾರು ಓದುತ್ತಾರೆ ಎನ್ನುವುದು. ಸುದ್ದಿ ಓದುವವರನ್ನು ನಾನು ದಿನಾ ಬಸ್ ನಿಲ್ದಾಣದಲ್ಲಿ ನೋಡುತ್ತೇನೆ. ಪ್ರಬಂಧ ಓದುವವರು ಸಂಕಿರಣದ ಮುಂದಿನ ಸಾಲಿನಲ್ಲಿ ಕೂತಿದ್ದವರು. ಅವರಲ್ಲೊಬ್ಬರು ನನ್ನ ಮಾತು ಮುಗಿದ ಮೇಲೆ ‘ನಿಮ್ಮ ಸೈದ್ಧಾಂತಿಕ ಚೌಕಟ್ಟು ಯಾವುದು?’ ಎಂದು ಕೇಳಿದ್ದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆ ಪ್ರಶ್ನೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದು ಕೂತುಬಿಟ್ಟಿತು. ಮೊದಲ ವಾಕ್ಯ ಬರೆದ ಕೂಡಲೇ ಅವರು ಓದಿ ತಲೆ ಅಲ್ಲಾಡಿಸಿದಂತೆ ಅನಿಸುವುದು. ಅಳಿಸುವುದು.

ಇನ್ನೊಂದು, ನಾವು ಎಲ್ಲಿಂದ ಶುರು ಮಾಡುತ್ತೇವೆ ಎನ್ನುವುದು. ಕನ್ನಡ ಪತ್ರಿಕೋದ್ಯಮದ ಮೇಲೆ ಪ್ರಬಂಧ ಬರೆಯುವ ನೂರರಲ್ಲಿ ತೊಂಬತ್ತು ಜನ 1843ರಿಂದ ಶುರು ಮಾಡುತ್ತಾರೆ. ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್, ಕಲ್ಲಚ್ಚಿನ ‘ಮಂಗಳೂರ ಸಮಾಚಾರ’, ಮರುವರ್ಷ ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’. ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಉದ್ಘಾಟಕರಿಂದ ಹಿಡಿದು ವಂದನಾರ್ಪಣೆ ಮಾಡುವವರ ತನಕ ಎಲ್ಲರೂ ಹೇಳುವ ಸಂಗತಿ. ನಾನೂ ಅಲ್ಲಿಂದಲೇ ಹೊರಟೆ. ನನ್ನ ಫೋಲ್ಡರಿನಲ್ಲಿ ಈಗಲೂ ‘ಪೀಠಿಕೆ 1’ರಿಂದ ‘ಪೀಠಿಕೆ 11’ರ ತನಕ ಕಡತಗಳಿವೆ, ಹನ್ನೊಂದರಲ್ಲೂ ಮೋಗ್ಲಿಂಗ್ ಇದ್ದಾರೆ. ನನ್ನ ವಿಷಯಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

ನನ್ನ ವಿಷಯ ಇದು: ಇಂಟರ್ನೆಟ್ ಬರುವ ಮುಂಚೆ ತಾಲ್ಲೂಕಿನ ಸುದ್ದಿ ಪತ್ರಿಕೆಯ ಡೆಸ್ಕಿಗೆ ಹೇಗೆ ಹೋಗುತ್ತಿತ್ತು? ಬಸ್ಸಿನಲ್ಲಿ ಹೋಗುತ್ತಿದ್ದ ಕವರು, ಟ್ರಂಕ್ ಕಾಲ್, ಟೆಲಿಗ್ರಾಂ, ಆಮೇಲೆ ಫ್ಯಾಕ್ಸು. ಹಾವೇರಿ ಜಿಲ್ಲೆಯಾಗಿದ್ದೇ 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯ ತುದಿಯ ತಾಲ್ಲೂಕುಗಳು. ಆ ಕಾಲದಲ್ಲಿ ಸುದ್ದಿ ಕಳಿಸಿದ ಬಿಡಿ ಸುದ್ದಿಗಾರರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಯಾರ ಹೆಸರೂ ಯಾವ ಪತ್ರಿಕೆಯ ಹಾಜರಿ ಪುಸ್ತಕದಲ್ಲಿ ಇಲ್ಲ. ಕಿರಾಣಿ ಅಂಗಡಿ, ಹೊಲಿಗೆ ಯಂತ್ರ, ಪತ್ರಿಕೆ ಏಜೆನ್ಸಿ ಇಟ್ಟುಕೊಂಡು ನಡುವೆ ಸುದ್ದಿ ಬರೆದವರು. ಅವರಲ್ಲಿ ಒಂಬತ್ತು ಜನರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆ. ಒಟ್ಟು ಹದಿನಾಲ್ಕು ಗಂಟೆ. ಹದಿನಾಲ್ಕು ಗಂಟೆಯ ಚಿನ್ನದಂಥ ಮಾತು ಕಿಸೆಯಲ್ಲಿಟ್ಟುಕೊಂಡು ನಾನು 1843ನೇ ಇಸವಿಯಲ್ಲಿ ಒದ್ದಾಡುತ್ತಿದ್ದೆ.

ಮೂರನೆಯ ಕಾರಣವನ್ನು ಮುಂದೂಡಿಕೆಯ ಮೇಲಿನ ಪುಸ್ತಕಗಳು ಹೇಳುವುದಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಪಡೆಯುವವನಿಗೆ ಪ್ರತಿ ಗಂಟೆಗೂ ಬೆಲೆ ಇದೆ. ಸಂಬಳದ ಪ್ರಾಧ್ಯಾಪಕರು ಬರೆಯದಿದ್ದರೆ ಬಡ್ತಿ ತಡವಾಗುತ್ತದೆ. ನಾನು ಪ್ರಬಂಧ ಬರೆದರೆ ಆ ತಿಂಗಳ ಬಿಲ್ಲು ಕಡಿಮೆಯಾಗುತ್ತದೆ. ‘ಫೋನ್ ಆಫ್ ಮಾಡಿ ಬರೆಯಿರಿ’ ಎಂಬ ಸಲಹೆ ಓದಿದಾಗ ನಗು ಬಂತು. ಸ್ಟ್ರಿಂಗರ್ ಫೋನ್ ಆಫ್ ಮಾಡಿದ ದಿನವೇ ಡ್ಯಾಮ್ ಒಡೆಯುತ್ತದೆ.

ಹೀಗೆ ಕಾರಣಗಳು ಮೂರಾದರೂ ತಿಳಿದವು. ಕಾರಣ ತಿಳಿದ ಮಾತ್ರಕ್ಕೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಗಡುವು ದಾಟಿತು. ಸಂಪಾದಕರು ಒಂದು ತಿಂಗಳು ಹೆಚ್ಚು ಕೊಟ್ಟರು, ಅದೂ ದಾಟಿತು. ಆಮೇಲೆ ‘ಪುಸ್ತಕ ಅಚ್ಚಿಗೆ ಹೋಗುವುದು ಹೇಗೂ ತಡ, ಇನ್ನೆರಡು ತಿಂಗಳೊಳಗೆ ಕೊಡಿ’ ಎಂದರು. ಇದು ಒಳ್ಳೆಯ ಸುದ್ದಿಯಂತೆ ಕಾಣುತ್ತದೆ, ಅಲ್ಲವೆ?

ಕೆಲಸ ಮುಂದೆ ಹೋಗಿದ್ದು ಹಾನಗಲ್ಲಿನ ಒಬ್ಬ ಹಿರಿಯರಿಂದ. ಒಂಬತ್ತು ಜನರಲ್ಲಿ ಎಲ್ಲರಿಗಿಂತ ದೊಡ್ಡವರು. ನಾವೆಲ್ಲ ಕಾಕಾ ಅನ್ನುತ್ತೇವೆ. ಪೇಟೆಯಲ್ಲಿ ಸ್ಟೇಷನರಿ ಅಂಗಡಿ, ಅದರ ಮೂಲೆಯಲ್ಲೇ ಪತ್ರಿಕೆ ಏಜೆನ್ಸಿ. ಮೂವತ್ತು ವರ್ಷಕ್ಕೂ ಹೆಚ್ಚು ಸುದ್ದಿ ಕಳಿಸಿದವರು. ಈಗ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಮಂಜು. ಬೆಳಿಗ್ಗೆ ಪತ್ರಿಕೆಯ ತಲೆಬರಹ ಮಾತ್ರ ಭೂತಗನ್ನಡಿ ಹಿಡಿದು ಓದುತ್ತಾರೆ, ಉಳಿದದ್ದನ್ನು ಮೊಮ್ಮಗ ಓದಿ ಹೇಳಬೇಕು. ಒಂದು ಭಾನುವಾರ ಅವರದೇ ಫೋನು.

‘ಏನ ತಮ್ಮಾ, ನಮ್ಮದು ಎಲ್ಲೀಮಟ ಬಂತು?’

‘ಪುಸ್ತಕ ನೋಡಾಕತ್ತೇನ್ರಿ ಕಾಕಾ. ಹಿಂದಿನವರು ಏನು ಬರದಾರ ಅಂತ ತಿಳ್ಕೊಂಡು…’

‘ಪುಸ್ತಕದಾಗ ನಾ ಎಲ್ಲದೇನಿ? ನಾ ಹಾನಗಲ್ಲಾಗ ಅದೇನಿ.’

ನಾನು ಸುಮ್ಮನಾದೆ. ಅವರು ಬಿಡಲಿಲ್ಲ. ‘ಬರದದ್ದು ಎಷ್ಟ ಐತಿ ಅಷ್ಟು ಓದು. ಕಣ್ಣಿಲ್ಲ, ಕಿವಿ ಅದಾವು.’

ಓದಲು ಇದ್ದದ್ದು ಮೋಗ್ಲಿಂಗ್ ಮಾತ್ರ. ಹಾಗೆಂದು ಹೇಳದೆ ಮುಂದಿನ ಭಾನುವಾರ ಓದುತ್ತೇನೆ ಎಂದೆ. ಅವರು, ‘ಎಷ್ಟೊತ್ತಿಗೆ?’ ಅಂದರು. ಸಂಜೆ ಏಳಕ್ಕೆ ಅಂದೆ. ‘ಏಳಂದ್ರ ಏಳು. ಏಳೂವರಿಗೆ ನಾ ಉಣ್ಣಾಕ ಕುಂಡರತೇನಿ.’

ಇಲ್ಲಿ ಅವರು ಹೇಳಿದ ಬಸ್ಸಿನ ಕತೆಯನ್ನು ತುಸು ವಿವರವಾಗಿ ಹೇಳಬೇಕು. ಅದು ಪ್ರಬಂಧದ ವಿಷಯವೂ ಹೌದು, ಪ್ರಬಂಧ ಮುಗಿದ ಬಗೆಯೂ ಹೌದು.

ಹಾನಗಲ್ಲಿನಿಂದ ಮಧ್ಯಾಹ್ನ ಮೂರೂವರೆಗೆ ಹುಬ್ಬಳ್ಳಿಗೆ ಒಂದು ಬಸ್ಸು. ಸಂಜೆ ಆರರ ಸುಮಾರಿಗೆ ಹುಬ್ಬಳ್ಳಿ. ಅಲ್ಲಿ ಪತ್ರಿಕೆಯ ಕಚೇರಿಯ ಹುಡುಗ ಬಂದು ನಿಂತಿರುತ್ತಿದ್ದ. ಕಾಕಾ ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಗಲ್ಲೆಯ ಮೇಲೆ ಬಿಳಿ ಹಾಳೆ ಹರವಿಕೊಂಡು ಬರೆಯಲು ಕೂರುತ್ತಿದ್ದರು. ಒಂದೇ ಮಗ್ಗುಲು ಬರೆಯಬೇಕು, ಸಾಲು ಬಿಟ್ಟು ಬರೆಯಬೇಕು; ಡೆಸ್ಕಿನವರು ತಿದ್ದಲು ಜಾಗ ಬೇಕಲ್ಲ. ಮೂರು ಇಪ್ಪತ್ತಕ್ಕೆ ಖಾಕಿ ಕವರಿಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ‘ಪತ್ರಿಕಾ ಸುದ್ದಿ – ತುರ್ತು’ ಎಂದು ಬರೆದು, ಮಳೆಗಾಲವಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಿಲ್ದಾಣಕ್ಕೆ ಓಡಿ ಕಂಡಕ್ಟರ್ ಕೈಗೆ. ಕಂಡಕ್ಟರಿಗೆ ಹಣ ಕೊಡುವ ಪದ್ಧತಿ ಇರಲಿಲ್ಲ, ಅಂದಿನ ಪತ್ರಿಕೆ ಪುಕ್ಕಟೆ. ಫೋಟೊ ಇದ್ದರೆ ಇನ್ನೊಂದು ಪೇಚು. ಊರಲ್ಲಿ ಇದ್ದದ್ದು ಒಂದೇ ಸ್ಟುಡಿಯೊ. ರೋಲಿನಲ್ಲಿ ಮದುವೆಯ ಚಿತ್ರ ಬಾಕಿ ಇದ್ದರೆ ಅದು ಮುಗಿಯುವ ತನಕ ತೊಳೆಯುತ್ತಿರಲಿಲ್ಲ. ಹೊಳೆಯಲ್ಲಿ ಕೊಚ್ಚಿಹೋದ ಸೇತುವೆಯ ಚಿತ್ರ ಮದುಮಗಳ ಆರತಿಗಾಗಿ ಎರಡು ದಿನ ಕಾದಿದ್ದಿದೆ.

ಬಸ್ಸು ತಪ್ಪಿದರೆ ಟೆಲಿಗ್ರಾಂ. ಪದಕ್ಕೆ ಇಷ್ಟು ಎಂದು ಕಾಸು. ಕಾಕಾ ಅದರಿಂದ ಕಲಿತದ್ದು ಕ್ರಿಯಾಪದ ಬಿಡುವುದನ್ನು. ‘ಲಾರಿ ಬಸ್ಸು ಡಿಕ್ಕಿ ಇಬ್ಬರು ಸಾವು. ಸಾಕಲ್ಲ? ಸಂಭವಿಸಿದೆ ಅನ್ನಾಕ ನಾ ಯಾಕ ರೊಕ್ಕ ಕೊಡ್ಲಿ?’ ದೇಶದ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಾಗ ನಾವೆಲ್ಲ ಅದರ ಮೇಲೆ ಭಾವುಕ ಬರಹ ಬರೆದೆವು. ಕಾಕಾಗೆ ಆ ಬಗ್ಗೆ ಯಾವ ಭಾವುಕತೆಯೂ ಇಲ್ಲ. ತುಟ್ಟಿ ಅಂದರು, ಅಷ್ಟೇ.

ನಾನು ಕೇಳಿದ್ದೆ: ‘ಬರಿಯೂದು ಅರ್ಧಾ ಆಗಿದ್ರ ಏನ್ಮಾಡ್ತಿದ್ರಿ? ಬಸ್ ಬಂದ್ರ?’

‘ಅರ್ಧಾನೇ ಹಾಕತಿದ್ದೆ. ಕೆಳಗ, ಉಳಿದದ್ದು ನಾಳೆ, ಅಂತ ಬರೀತಿದ್ದೆ. ಡ್ರೈವರ್ ನನ್ನ ಸಲುವಾಗಿ ಬಸ್ ನಿಲ್ಲಸ್ತಾನ ಏನು?’

ಈ ಮಾತು ಮುದ್ರಣದ ಎರಡನೇ ಗಂಟೆಯಲ್ಲಿ ಎಲ್ಲೋ ಇತ್ತು. ಕೇಳಿ, ಗುರುತು ಹಾಕಿ, ಮರೆತಿದ್ದೆ. ಏಳು ಗಂಟೆಯ ಫೋನಿಗೆ ಏನಾದರೂ ಬೇಕಲ್ಲ ಎಂದು ಆ ಶನಿವಾರ ರಾತ್ರಿ ಮತ್ತೆ ಕೇಳುತ್ತ ಕೂತಾಗ ಕಿವಿಗೆ ಬಿತ್ತು. ನಮ್ಮನ್ನು ಬರೆಸುವುದು ಗಡುವು ಎಂದು ನಾನು ನಂಬಿದ್ದೆ. ಪತ್ರಕರ್ತರೆಲ್ಲ ಹಾಗೆ ಹೇಳಿಕೊಂಡು ಮೀಸೆ ತಿರುವುತ್ತೇವೆ. ಆದರೆ ಆರು ತಿಂಗಳ ಗಡುವೂ ಗಡುವೇ, ಅದು ಒಂದು ಸಾಲನ್ನೂ ಬರೆಸಲಿಲ್ಲ. ಬಸ್ಸು ಬೇರೆ. ಅದು ದಿನಾ ಹೋಗುತ್ತದೆ, ಆದಷ್ಟನ್ನು ಒಯ್ಯುತ್ತದೆ, ಆ ಕಡೆಯ ನಿಲ್ದಾಣದಲ್ಲಿ ಒಬ್ಬ ಹುಡುಗ ನಿಂತಿರುತ್ತಾನೆ.

ಆ ರಾತ್ರಿ ‘ಪೀಠಿಕೆ 12’ ತೆರೆಯಲಿಲ್ಲ. ‘ಮೂರೂವರೆ ಬಸ್ಸು’ ಎಂದು ಹೊಸ ಕಡತ ಮಾಡಿ, ಮೇಲಿನ ಕವರಿನ ಕತೆಯನ್ನು ಸುದ್ದಿ ಬರೆದಂತೆ ಬರೆದೆ. ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ. ಡಿಪ್ಲೊಮಾ ತರಗತಿಯಲ್ಲಿ ಬೋರ್ಡಿನ ಮೇಲೆ ತಲೆಕೆಳಗಾದ ಪಿರಮಿಡ್ ಬರೆಸಿದ್ದರಲ್ಲ, ಅದೇ. ಒಂದು ಪುಟವಾಯಿತು. ಭಾನುವಾರ ಏಳಕ್ಕೆ ಓದಿದೆ. ಕಾಕಾ ನಡುವೆ ಒಂದೇ ಕಡೆ ತಡೆದರು.

ನಾನು ಬರೆದಿದ್ದೆ: ‘ಸಂವಹನ ಮೂಲಸೌಕರ್ಯದ ಅಲಭ್ಯತೆಯ ಹಿನ್ನೆಲೆಯಲ್ಲಿ…’

‘ಅಂದ್ರ?’

‘ಊರಾಗ ಫೋನ್ ಇರಲಿಲ್ಲ ಅಂತ್ರಿ.’

‘ಇತ್ತಲ್ಲ. ಪೋಸ್ಟ್ ಆಫೀಸಿನಾಗ ಒಂದ್ ಇತ್ತು. ಹಚ್ಚಿದ್ರ ಹತ್ತತಿರಲಿಲ್ಲ.’

ಎರಡೂ ಒಂದೇ ಅಲ್ಲ. ಫೋನ್ ಇರಲಿಲ್ಲ ಎನ್ನುವುದು ಒಂದು ಸಂಶೋಧನೆ. ಫೋನ್ ಇತ್ತು, ಲೈನ್ ಸಿಗುತ್ತಿರಲಿಲ್ಲ, ಅರ್ಜೆಂಟ್ ಕಾಲ್ ಬುಕ್ ಮಾಡಿ ಕಾಯುವಷ್ಟರಲ್ಲಿ ಬಸ್ಸೇ ಹುಬ್ಬಳ್ಳಿ ಮುಟ್ಟುತ್ತಿತ್ತು ಎನ್ನುವುದು ಇನ್ನೊಂದು. ಭಾರದ ಪದದ ಕೆಳಗೆ ಇದು ಮುಚ್ಚಿಹೋಗಿತ್ತು. ಮುಂದಿನ ವಾರಗಳಲ್ಲಿ ಇಂಥದ್ದು ಮತ್ತೆ ಮತ್ತೆ ಆಯಿತು. ನನಗೆ ಅನಿಸುವುದೇನೆಂದರೆ, ಬರೆಯಲು ಕೂತಾಗ ಆಗುತ್ತಿದ್ದ ಇರಿಸುಮುರಿಸಿನಲ್ಲಿ ಅರ್ಧ ಪಾಲು ಈ ಭಾಷೆಯದು. ನನ್ನದಲ್ಲದ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಂತೆ. ಮೊದಲು ಕಾಕಾಗೆ ಅರ್ಥವಾಗುವಂತೆ ಬರೆದು, ಆಮೇಲೆ ಬೇಕಾದಲ್ಲಿ ಮಾತ್ರ ಶಾಸ್ತ್ರದ ಪದ ಸೇರಿಸುವುದು ಎಂದು ಮಾಡಿಕೊಂಡ ಮೇಲೆ ಕೈ ಓಡತೊಡಗಿತು.

ದಿನದ ಹೊತ್ತನ್ನೂ ಗಟ್ಟಿ ಮಾಡಬೇಕಿತ್ತು. ಇದಕ್ಕೆ ಒಂದು ಜರ್ಮನ್ ಅಧ್ಯಯನ ನೆರವಾಯಿತು. ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟ್ಯಾಟರ್ 1997ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ, ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರಿ ಎಂಬ ವರದಿಯನ್ನು 48 ಗಂಟೆಯೊಳಗೆ ಬರೆದು ಕಳಿಸಿ ಎಂದು ಹೇಳಿದರು. ಅರ್ಧ ಜನರಿಗೆ ಮಾತ್ರ, ಎಲ್ಲಿ, ಯಾವಾಗ ಕೂತು ಬರೆಯುತ್ತೀರಿ ಎಂಬುದನ್ನೂ ಮೊದಲೇ ಗುರುತು ಹಾಕಿ ಎಂದರು. ಹಬ್ಬದ ದಿನಗಳು, ಯಾರು ಬರೆಯುತ್ತಾರೆ? ಎಲ್ಲಿ, ಯಾವಾಗ ಎಂದು ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಮಯಕ್ಕೆ ಬರೆದರು. ಉಳಿದವರಲ್ಲಿ ಮೂರನೇ ಒಂದು ಭಾಗ. ಬರೆಯುವ ಆಸೆ ಎರಡೂ ಗುಂಪಿಗೆ ಇತ್ತು. ಒಂದಕ್ಕೆ ಜಾಗ ಮತ್ತು ಹೊತ್ತು ಇತ್ತು.

ಸ್ಟ್ರಿಂಗರಿಗೆ ‘ಬೆಳಿಗ್ಗೆ ಹನ್ನೊಂದಕ್ಕೆ’ ಎಂದರೆ ಆಗುವುದಿಲ್ಲ, ಅದು ಪತ್ರಿಕಾಗೋಷ್ಠಿಗಳ ಹೊತ್ತು. ರಾತ್ರಿ ಪುಟ ಬಿಡುವ ತನಕ ಡೆಸ್ಕಿನ ಫೋನು. ಉಳಿಯುವುದು ಬೆಳಿಗ್ಗೆ ಐದೂವರೆಯಿಂದ ಆರೂಕಾಲು. ರಾತ್ರಿ ಘಟನೆಗಳ ಬಗ್ಗೆ ಠಾಣೆಗಳಿಗೆ ಫೋನ್ ಮಾಡಲು ಶುರು ಮಾಡುವ ಮುನ್ನ. ಹಾಗಾಗಿ ನಿಯಮ ಹೀಗಾಯಿತು: ಹಾಲಿನ ಪಾಕೀಟು ತಂದು ಅಡುಗೆ ಕಟ್ಟೆಯ ಮೇಲೆ ಇಟ್ಟ ಕೂಡಲೇ ಹಿಂದಿನ ಕೋಣೆಯಲ್ಲಿ ಕೂತು, ಇಯರ್‌ಫೋನ್ ಹಾಕಿ, ಒಬ್ಬರ ಮಾತನ್ನು ಹತ್ತು ನಿಮಿಷ ಕೇಳುವುದು, ಕೇಳಿದ್ದನ್ನು ಬರೆಯುವುದು. ಫೋನ್ ಆನ್ ಇರುತ್ತದೆ. ಮೂರು ದಿನ ಕರೆ ಬಂದು ಎದ್ದು ಹೋಗಿದ್ದೇನೆ. ಎದ್ದು ಹೋಗುವಾಗ ವಾಕ್ಯ ಅರ್ಧಕ್ಕೆ ನಿಂತಿದ್ದರೆ ಒಳ್ಳೆಯದೇ. ಮರುದಿನ ಅದನ್ನು ಪೂರ್ತಿ ಮಾಡುವ ನೆಪದಲ್ಲೇ ಬರವಣಿಗೆ ಹಿಡಿಯುತ್ತದೆ.

ವಾರಕ್ಕೊಂದು ಭಾನುವಾರ ಎನ್ನುವುದರ ಬಗ್ಗೆಯೂ ಆಮೇಲೆ ಓದಿದೆ. ಅಮೆರಿಕದ ಎಂಐಟಿಯಲ್ಲಿ ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟನ್‌ಬ್ರೋಕ್ ಒಂದು ತರಗತಿಗೆ ಮೂರು ಪ್ರಬಂಧಗಳ ಗಡುವನ್ನು ವಿದ್ಯಾರ್ಥಿಗಳೇ ಇಟ್ಟುಕೊಳ್ಳಲು ಬಿಟ್ಟರು, ಇನ್ನೊಂದಕ್ಕೆ ಸಮ ಅಂತರದ ಗಡುವನ್ನು ತಾವೇ ಕೊಟ್ಟರು. ಸಮ ಅಂತರದವರಿಗೆ ಅಂಕ ಹೆಚ್ಚು ಬಂತು. 2002ರಲ್ಲಿ ಪ್ರಕಟವಾದ ಅಧ್ಯಯನ ಇದು. ಏರಿಯಲಿ ಸಹಲೇಖಕರಾಗಿದ್ದ ಬೇರೊಂದು ಪ್ರಬಂಧ 2021ರಲ್ಲಿ ವಾಪಸಾಯಿತು, ಅದರ ಅಂಕಿಅಂಶ ನಕಲಿ ಎಂದು ಬಯಲಾಯಿತು ಎನ್ನುವುದನ್ನೂ ಹೇಳಿಬಿಡುತ್ತೇನೆ, ವರದಿಗಾರನ ಚಾಳಿ. ಹಾನಗಲ್ಲಿನ ಬಸ್ಸಿನ ಮಟ್ಟಿಗಂತೂ ಮಾತು ನಿಜ.

ಹನ್ನೊಂದು ಭಾನುವಾರ ಓದಿದೆ. ಮೂರನೇ ವಾರದಿಂದ ಕಾಕಾ ಒಬ್ಬರೇ ಇರುತ್ತಿರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಅಂಗಡಿಯ ಬಾಕಿನ ಮೇಲೆ ಇಡುತ್ತಿದ್ದರು. ಹಿಂದಿನ ಕಾಲದ ಒಬ್ಬ ನಿವೃತ್ತ ಕಂಡಕ್ಟರ್ ಬಂದು ಕೂರತೊಡಗಿದರು. ಕವರುಗಳನ್ನು ಒಯ್ದವರೇ. ಅವರ ಮಾತು ನನ್ನ ಒಂಬತ್ತು ಜನರಲ್ಲಿ ಇರಲಿಲ್ಲ, ಹತ್ತನೆಯವರಾಗಿ ಸೇರಿದರು. ಸುದ್ದಿ ಕವರು ಒಯ್ಯುವುದು ಸಂಸ್ಥೆಯ ನಿಯಮದಲ್ಲಿ ಇತ್ತೇ ಎಂದು ಕೇಳಿದ್ದಕ್ಕೆ, ‘ನಿಯಮದಾಗ ಕೋಳೀನೂ ಇರಲಿಲ್ಲ, ಒಯ್ದೇವಿ’ ಎಂದರು. ಅದನ್ನು ಪ್ರಬಂಧದಲ್ಲಿ ಹಾಕಲಿಲ್ಲ. ಹಾಕಬೇಕಿತ್ತು ಎಂದು ಕಾಕಾ ಈಗಲೂ ಅನ್ನುತ್ತಾರೆ.

ಎಲ್ಲ ಬರೆದ ಮೇಲೆ ಮೊದಲ ಪುಟಕ್ಕೆ ಬಂದೆ. ಪೀಠಿಕೆ ನಲವತ್ತು ನಿಮಿಷದಲ್ಲಿ ಮುಗಿಯಿತು. ಏನು ಹೇಳಿದ್ದೇನೆ ಎಂದು ಅಷ್ಟರಲ್ಲಿ ಗೊತ್ತಾಗಿತ್ತಲ್ಲ. ಸೈದ್ಧಾಂತಿಕ ಚೌಕಟ್ಟಿಗೆ ಎರಡು ಪ್ಯಾರಾ. ಸಂಕಿರಣದಲ್ಲಿ ಪ್ರಶ್ನೆ ಕೇಳಿದವರಿಗೇ ಫೋನ್ ಮಾಡಿದೆ. ಅವರು ಸಂತೋಷದಿಂದ ಎರಡು ಪುಸ್ತಕ ಹೇಳಿ, ಒಂದರ ಪ್ರತಿಯನ್ನೂ ಕಳಿಸಿಕೊಟ್ಟರು. ಪರದೆಯ ಮೇಲೆ ಕೂತಿದ್ದವರಿಗಿಂತ ಫೋನಿನಲ್ಲಿ ಸಿಕ್ಕವರು ಎಷ್ಟೋ ಒಳ್ಳೆಯವರು. ಮೋಗ್ಲಿಂಗ್‌ಗೆ ಜಾಗ ಸಿಗಲಿಲ್ಲ.

ಪ್ರಬಂಧ ಬರೆಯುವವರು ಎಚ್ಚರವಾಗಿರಬೇಕಾದ ಕಡೆ ಇನ್ನೊಂದಿದೆ. ಬರವಣಿಗೆ ಮುಗಿದು ‘ಇನ್ನೇನು ಸಣ್ಣಪುಟ್ಟ ಕೆಲಸ’ ಎನ್ನುವ ಹಂತ. ನುಡಿಯಲ್ಲಿದ್ದದ್ದನ್ನು ಯೂನಿಕೋಡಿಗೆ ಬದಲಿಸಿದಾಗ ಒತ್ತಕ್ಷರಗಳು ದಿಕ್ಕಾಪಾಲಾದವು. ಆಮೇಲೆ ಎಪಿಎ ಶೈಲಿಯ ಗ್ರಂಥಸೂಚಿ. ಅದು ಮನೆತನದ ಹೆಸರು ಮೊದಲು ಬರೆಯಿರಿ ಎನ್ನುತ್ತದೆ. ನಮ್ಮ ಅರ್ಧ ಲೇಖಕರಿಗೆ ಮುಂದೆ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್; ಮನೆತನದ ಹೆಸರೇ ಇಲ್ಲ. ಇಲ್ಲಿ ಮೂರು ವಾರ ಕಳೆದುಹೋಗಬಹುದು, ಕೆಲಸ ಮಾಡುತ್ತಿದ್ದೇವೆ ಎಂಬ ಸಮಾಧಾನದ ಜೊತೆಗೇ. ನಾನು ಮೂರು ದಿನ ಇಟ್ಟುಕೊಂಡೆ. ಉಳಿದದ್ದನ್ನು ಸಂಪಾದಕರು ತಿದ್ದಿಕೊಳ್ಳಲಿ ಎಂದು ಬಿಟ್ಟೆ, ತಿದ್ದಿಕೊಂಡರು.

ಕಳಿಸಿದ ಒಂದೂವರೆ ತಿಂಗಳಿಗೆ ಪರಿಶೀಲಕರ ಟಿಪ್ಪಣಿ ಬಂತು. ಹೆಚ್ಚಿನವು ಉಪಯುಕ್ತ. ಒಂದು ಕಡೆ, ‘ಮಧ್ಯಾಹ್ನ 3.30ರ ಬಸ್ಸು’ ಎಂಬಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದರು: ‘ಆಧಾರ?’

ಭಾನುವಾರ ಏಳಕ್ಕೆ ಕಾಕಾಗೆ ಓದಿ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, ಬಾಕಿನ ಮೇಲಿದ್ದ ಕಂಡಕ್ಟರ್ ಅವರನ್ನು ಕೇಳಿದರು. ಆ ಕಡೆಯಿಂದ ಚರ್ಚೆ ಕೇಳಿಸಿತು. ಬೇಸಿಗೆಯಲ್ಲಿ ಮೂರೂವರೆ, ಮಳೆಗಾಲದಲ್ಲಿ ಅಕ್ಕಿಆಲೂರಿನ ಕಡೆಯ ಬಸ್ಸು ಬಂದು ಸೇರಲೆಂದು ಹತ್ತು ನಿಮಿಷ ತಡ ಮಾಡುತ್ತಿದ್ದರಂತೆ. ಅಡಿಟಿಪ್ಪಣಿಯಲ್ಲಿ ಇಬ್ಬರ ಸಂದರ್ಶನದ ದಿನಾಂಕ ಹಾಕಿ, ಹತ್ತು ನಿಮಿಷದ ವ್ಯತ್ಯಾಸವನ್ನೂ ಸೇರಿಸಿ ಕಳಿಸಿದೆ. ಒಪ್ಪಿಗೆಯಾಯಿತು.

ಪುಸ್ತಕ ಇನ್ನೂ ಅಚ್ಚಿನಲ್ಲಿದೆ. ಪ್ರಬಂಧವನ್ನು ಇಪ್ಪತ್ತು ಪಾಯಿಂಟಿನ ಅಕ್ಷರದಲ್ಲಿ ಮುದ್ರಿಸಿ, ಖಾಕಿ ಕವರಿಗೆ ಹಾಕಿ, ಹಾವೇರಿ ನಿಲ್ದಾಣದಲ್ಲಿ ಹಾನಗಲ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಹೋದೆ. ಈಗ ಹಾಗೆಲ್ಲ ತೆಗೆದುಕೊಳ್ಳುವಂತಿಲ್ಲ, ಪಾರ್ಸೆಲ್ ಕೌಂಟರಿಗೆ ಕೊಡಿ ಎಂದರು. ನಾನೇ ಬಸ್ ಹತ್ತಿದೆ.